ನಿಮಗಿದು ಗೊತ್ತೆ? ಮಂಗಳದಲ್ಲಿ ಮನೆ ಹೂಡಿದ ಧಾರಾವಾಹಿ

ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯು 2016ರ ನವೆಂಬರ್‌ನಲ್ಲಿ ಪ್ರಸಾರ ಆರಂಭಿಸಿದ 'ಮಾರ್ಸ್' ಧಾರಾವಾಹಿಯು, 2033ರಲ್ಲಿ 'ಡೀಡಲಸ್' ಎಂಬ ನೌಕೆಯಲ್ಲಿ ಮಂಗಳ ಗ್ರಹಕ್ಕೆ ತೆರಳಿ ಅಲ್ಲಿ ನೆಲೆಯೂರಲು ಯತ್ನಿಸುವ ಆರು ಮಂದಿಯ ಕಲ್ಪಿತ ಕಥೆಯನ್ನು ಹೇಳುತ್ತಲೇ, ನಡುನಡುವೆ ಈಲಾನ್ ಮಸ್ಕ್, ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಮುಂತಾದವರ ನಿಜವಾದ ಸಂದರ್ಶನಗಳನ್ನು ಪೋಣಿಸುತ್ತದೆ. ಹೀಗಾಗಿ ಪ್ರೇಕ್ಷಕರ ವರ್ತಮಾನವೇ ಕಥೆಯ ಪಾತ್ರಗಳಿಗೆ ಇತಿಹಾಸವಾಗುತ್ತದೆ. ಕಥೆಗಿಂತ ಈ ಹೆಣಿಗೆಯೇ ಹೆಚ್ಚು ಸ್ವಾರಸ್ಯಕರವೆನ್ನಬೇಕು.

ಕೆಂಪು ಗ್ರಹದ ದೃಶ್ಯಗಳನ್ನು ಚಿತ್ರೀಕರಿಸಿದ್ದು ಮೊರಾಕ್ಕೊದ ಮರುಭೂಮಿಯಲ್ಲಿ. ಅಮೆರಿಕದ ಗಗನಯಾತ್ರಿ ಮೇ ಜೆಮಿಸನ್ ಅವರು ಕಲಾವಿದರಿಗೆ ಮಾರ್ಗದರ್ಶನ ನೀಡಿದ್ದರು.

ಯಾತ್ರಿಕರು ಆಶ್ರಯಕ್ಕಾಗಿ ಹುಡುಕುವ ಲಾವಾ ಸುರಂಗವು ಬರಿಯ ಕಲ್ಪನೆಯಲ್ಲ. ಜ್ವಾಲಾಮುಖಿಯಿಂದ ಹರಿದ ಲಾವಾರಸದ ಹೊರಪದರವು ತಣಿದು ಗಟ್ಟಿಯಾದ ಮೇಲೆ ಒಳಗಿನ ದ್ರವವು ಹರಿದುಹೋಗಿ ಉಳಿಯುವ ಟೊಳ್ಳನ್ನೇ ಲಾವಾ ಸುರಂಗವೆನ್ನುತ್ತಾರೆ. ಭೂಮಿಯಂತೆ ಇಡೀ ಗ್ರಹವನ್ನು ಆವರಿಸುವ ಕಾಂತಕ್ಷೇತ್ರವಾಗಲಿ ದಟ್ಟವಾದ ವಾತಾವರಣವಾಗಲಿ ಮಂಗಳಕ್ಕಿಲ್ಲ. ಅಲ್ಲಿನ ವಾಯುಭಾರವು ನಮ್ಮ ಸಮುದ್ರಮಟ್ಟದ ವಾಯುಭಾರದ ಶೇ. 1ಕ್ಕಿಂತಲೂ ಕಡಿಮೆ. ಆದಕಾರಣ ಬಾಹ್ಯಾಕಾಶದ ವಿಕಿರಣವು ನೇರವಾಗಿ ನೆಲಕ್ಕೆ ಬಡಿಯುತ್ತದೆ, ಅದನ್ನು ತಡೆಯಲು ಸುರಂಗದ ಕಲ್ಲಿನ ಚಾವಣಿಯು ನೆರವಾಗಬಲ್ಲದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ರೇಡಿಯೊ ಸಂದೇಶವು ಭೂಮಿಯನ್ನು ತಲುಪಲು, ಗ್ರಹಗಳ ನಡುವಿನ ದೂರಕ್ಕನುಗುಣವಾಗಿ, ಸುಮಾರು 3ರಿಂದ 22 ನಿಮಿಷಗಳು ಬೇಕಾಗುವುದರಿಂದ ಆಪತ್ತಿನಲ್ಲಿ ಭೂಮಿಯ ಸಲಹೆಗೆ ಕಾಯುವಂತಿಲ್ಲ.

2018ರ ಎರಡನೆಯ ಆವೃತ್ತಿಯು 2042ಕ್ಕೆ ಜಿಗಿದು, ವಿಜ್ಞಾನಿಗಳ ನೆಲೆಯ ಪಕ್ಕದಲ್ಲಿಯೇ ಗಣಿ ಕಂಪನಿಯೊಂದನ್ನು ಇಳಿಸುತ್ತದೆ.