ಬೂದಿಹಾದಿಯ ಓಟಗಾರ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೊರಟವರು ಬುತ್ತಿಚೀಲ ಹೆಗಲಿಗೇರಿಸಿಕೊಂಡು ಎದುರಿನ ಗಾಡಿಗೆ ನುಗ್ಗುತ್ತಿದ್ದಾರೆ. ಮಾರಿಕುಪ್ಪಂ ಕಡೆ ಹೊರಟ ನಮ್ಮ ಬೋಗಿಯಲ್ಲಿ ಮಾತ್ರ ಕಾಲು ಚಾಚಿ ಕೂರುವಷ್ಟು ಜಾಗ. ಬನ್ನಿ, ಕಿಟಕಿ ಪಕ್ಕ ಕೂತುಬಿಡಿ. ಕೋಲಾರದ ಚಿನ್ನದ ಗಣಿಗೆಂದೇ 1894ರಲ್ಲಿ ಹಾಕಿದ ಹಳಿಯಿದು. ಕೋರಮಂಡಲ್ ದಾಟುವಷ್ಟರಲ್ಲಿ ಮಂಜಿನ ನಡುವಿಂದ ಸೈನೈಡ್ ದಿಬ್ಬಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಬಂಡೆಯನ್ನು ಹಿಟ್ಟು ಮಾಡಿ, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ತಲೆಮಾರುಗಟ್ಟಲೆ ಸುರಿದು ಬೆಳೆದ ಗುಡ್ಡಗಳು. ಮಳೆನೀರು ಕೊರೆದ ಅವುಗಳ ಮಾಸಲು ಇಳಿಜಾರು ಮುಂಜಾವದ ಬೆಳಕಿನಲ್ಲಿ ಹಿಮ ಬಿದ್ದ ಬೆಟ್ಟದಂತೆಯೇ ಕಾಣುತ್ತದೆ.

ಊರಿಗಾಂನಲ್ಲಿ ಇಳಿದು ನಡೆದರೆ ಬೇಲಿಸಾಲಿನ ಲಂಟಾನದ ವಾಸನೆ, ಸಾಲುಮನೆಗಳಿಂದ ಬರುವ ಇಡ್ಲಿಯ ಹಬೆ, ತಮಿಳು ಕನ್ನಡ ತೆಲುಗು ಮೂರೂ ಬೆರೆತ ಮಾತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ನಾವು ಮೆಟ್ಟುತ್ತಿರುವ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಸುರಂಗಗಳಲ್ಲಿ ಈಗ ನೀರು ನಿಂತಿದೆ.

ಮೈದಾನದಲ್ಲಿ ಆರೇಳು ಹುಡುಗರು. ಒಬ್ಬ ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಾನೆ. ಇನ್ನೊಬ್ಬ ಹಿಮ್ಮಡಿಯಿಂದ ಕೆದಕಿ ಎರಡು ಗುಂಡಿ ಮಾಡಿ, ಹೆಬ್ಬೆರಳು ಊರಿ, ಸರಿಹೋಗದೆ ಮತ್ತೆ ಕೆದಕಿ, ಬೆರಳಿಗೆ ಹತ್ತಿದ ಮಣ್ಣನ್ನು ಚಡ್ಡಿಗೆ ಒರೆಸಿಕೊಂಡು ಬಗ್ಗುತ್ತಾನೆ. "ರೆಡಿಯಾ ಕಣ್ಣಾ?" ಎಂದು ಕಟ್ಟೆಯ ಮೇಲಿನ ತಾತ ಚಪ್ಪಾಳೆ ತಟ್ಟಿದ್ದೇ ತಡ, ಬರಿಗಾಲುಗಳು ಧೂಳೆಬ್ಬಿಸಿ ಹಾರುತ್ತವೆ. ಉಸಿರು ಬಿಗಿಹಿಡಿದು ನೋಡುವಷ್ಟರಲ್ಲಿ ಮುಗಿದುಹೋಯಿತು.

ಇದೇ ಚಿನ್ನದ ಗಣಿಯ ಸೀಮೆಯಲ್ಲಿ 1940ರಲ್ಲಿ ಹುಟ್ಟಿದವರು ಕೆನೆತ್ ಪೊವೆಲ್. ಬೆಂಗಳೂರಿನ ಐಟಿಐ ದೂರವಾಣಿ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಓಡಿ ದೇಶದ ಅತಿ ವೇಗದ ಓಟಗಾರರ ಸಾಲಿಗೆ ಸೇರಿದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್ ಎರಡರಲ್ಲೂ ಓಡಿದರು. ಅವರಿದ್ದ 4×100 ಮೀಟರ್ ರಿಲೇ ತಂಡ ಸೆಮಿಫೈನಲ್ ತಲುಪಿತು. ಒಲಿಂಪಿಕ್ಸ್ ಓಟಗಳು ಬೂದಿಹಾದಿಯ ಮೇಲೆ ನಡೆದದ್ದು ಅದೇ ಕೊನೆ. ಕಲ್ಲಿದ್ದಲಿನ ಕಿಟ್ಟವನ್ನು ಹಾಸಿ ಉರುಳೆ ಹೊಡೆದ ಆ ಹಾದಿಯಲ್ಲಿ ಮೊಳೆಬೂಟು ಕಚ್ಚಿ ಕಿತ್ತು ಬರಬೇಕು. ಮಳೆ ಬಿದ್ದರಂತೂ ಕಾಲು ಹೂತು ಭಾರವಾಗುತ್ತದೆ. ಅಂಥ ನೆಲದ ಮೇಲೆ ಅಮೆರಿಕದ ಬಾಬ್ ಹೇಯ್ಸ್ ಹತ್ತೇ ಸೆಕೆಂಡಿನಲ್ಲಿ ನೂರು ಮೀಟರ್ ಗೆದ್ದರು.

ಹಿಮಬೆಟ್ಟದಂತೆ ಕಾಣುವ ಸೈನೈಡ್ ದಿಬ್ಬ ನೋಡುವಾಗ ನನಗೆ ಆ ವರ್ಷದ ಇನ್ನೊಬ್ಬರೂ ನೆನಪಾಗುತ್ತಾರೆ. ಟೋಕಿಯೊಗೆ ಎಂಟು ತಿಂಗಳು ಮೊದಲು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತ ಮೊದಲ ಸಲ ಹೋಯಿತು. ಹೋದವರು ಒಬ್ಬರೇ, ಜೆರೆಮಿ ಬುಜಕೌಸ್ಕಿ. ಕಾಲಿಗೆ ಸ್ಕೀ ಕಟ್ಟಿ ಹಿಮದ ಇಳಿಜಾರಿನಲ್ಲಿ ಧುಮುಕುವ ಸ್ಪರ್ಧೆ ಅವರದು. ಸ್ಕೀಗಾರನಿಗೆ ಬೆಟ್ಟವೇ ವೇಗ ಕೊಡುತ್ತದೆ, ಅವನು ಅದನ್ನು ಕಾಲಲ್ಲಿ ಪಳಗಿಸಬೇಕು. ನೂರು ಮೀಟರಿನವನಿಗೆ ಸಮನೆಲ. ವೇಗವನ್ನೆಲ್ಲ ತೊಡೆಯಿಂದಲೇ ತರಬೇಕು. ಆದರೂ ಇಬ್ಬರ ಬಾಳೂ ಒಂದೇ ಬಗೆಯದು: ವರ್ಷಗಟ್ಟಲೆ ಬೆವರು, ಲೆಕ್ಕಕ್ಕೆ ಸೆಕೆಂಡಿನ ಚೂರು.

ಪೊವೆಲ್ ಅವರಿಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟ. ಮೂವತ್ತು ದಾಟಿದ ಕಾಲು ಗುಂಡಿನ ಸದ್ದಿಗೆ ಮೊದಲಿನಂತೆ ಚಿಮ್ಮುವುದಿಲ್ಲ; ಆ ವಯಸ್ಸಿನಲ್ಲಿ ಅವರು ರಿಲೇ ತಂಡದೊಂದಿಗೆ ಕಂಚು ಗೆದ್ದರು. 2022ರ ಡಿಸೆಂಬರಿನಲ್ಲಿ, 82ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಗುಂಡಿ ತೋಡಿದ್ದ ಹುಡುಗ ಏದುಸಿರು ಬಿಡುತ್ತ ಪಕ್ಕದಲ್ಲಿ ಬಂದು ಕೂತ. ಇದನ್ನೆಲ್ಲ ಹೇಳಿದೆ. ಮೊಣಕಾಲಿನ ಧೂಳು ಕೊಡವುತ್ತ ಕೇಳಿದ: "ಅವರು ನಮ್ಮೂರವರಾ ಅಣ್ಣಾ?"

ಹೌದಪ್ಪಾ, ನಿಮ್ಮೂರವರೇ.

ಈ ಊರಿಗೆ ಬರುವವರು ದಿಬ್ಬದ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆ ಬಂಗಾರಪೇಟೆಯಲ್ಲಿ ತಿಳಿನೀರಿನ ಪಾನಿಪುರಿ ತಿಂದು ಗಾಡಿ ಹತ್ತುತ್ತಾರೆ. ನೀವೂ ಹಾಗೇ ಮಾಡಿ. ಆದರೆ ನಡುವೆ ಒಂದು ಗಳಿಗೆ ಮೈದಾನಕ್ಕೂ ಬನ್ನಿ, ಓಡುವ ಮಕ್ಕಳಿಗೆ ಪೊವೆಲ್ ಅವರ ಹೆಸರು ಹೇಳಿ ಹೋಗಿ.