ಕವಲೊಡೆದು ಕೂಡುವ ಕ್ರಮವಿಧಿಗಳು

ತುಂಗಾ ಮತ್ತು ಭದ್ರಾ ನದಿಗಳೆರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿಯನ್ನೂ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನೂ ಹಾದು ಹೋಗುತ್ತದೆ. ಭದ್ರೆ ಕಳಸದ ಮೂಲಕ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿಗೆ ಬರುತ್ತದೆ. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಎರಡೂ ಒಂದಾಗುತ್ತವೆ. ಗಣಕದ ಕ್ರಮವಿಧಿಯನ್ನು ಹಲವರು ಸೇರಿ ಬರೆಯುವಾಗಲೂ ಹೀಗೆ ಕವಲೊಡೆದು ಕೂಡುವ ಏರ್ಪಾಡು ಉಂಟು. ಅದಕ್ಕೆ ಆವೃತ್ತಿ ನಿಯಂತ್ರಣ ಎಂದು ಹೆಸರು. ಇಂದು ಬಹು ಬಳಕೆಯಲ್ಲಿರುವ ಇಂಥ ತಂತ್ರಾಂಶ ‘ಗಿಟ್’. ಲೈನಕ್ಸ್ ಅಭಿವೃದ್ಧಿಗೆಂದು ಲೈನಸ್ ಟೋರ್ವಾಲ್ಡ್ಸ್ ಇದನ್ನು 2005ರಲ್ಲಿ ರೂಪಿಸಿದರು.

ಒಂದು ಉದಾಹರಣೆ ನೋಡೋಣ. ಶೃಂಗೇರಿ, ಕೊಪ್ಪ ಮತ್ತು ನರಸಿಂಹರಾಜಪುರದ ಮೂವರು ವಿದ್ಯಾರ್ಥಿಗಳು ತೋಟಗಳ ಮಳೆ ಲೆಕ್ಕ ಕೂಡಿಸುವ ಕ್ರಮವಿಧಿ ಬರೆಯುತ್ತಿದ್ದಾರೆ ಎನ್ನಿ. ಅವರು ಇಮೇಲ್‌ನಲ್ಲಿ ಕಡತ ಕಳಿಸಿಕೊಳ್ಳುತ್ತಾ ಹೋದರೆ ‘ಮಳೆ-ಹೊಸದು’, ‘ಮಳೆ-ಕೊನೆಯದು’, ‘ಮಳೆ-ಕೊನೆಯದು-2’ ಎಂದು ಪ್ರತಿಗಳು ಬೆಳೆಯುತ್ತವೆ. ಸರಿಯಾದ ಪ್ರತಿ ಯಾವುದೆಂದು ಹೇಳುವುದೇ ಕಷ್ಟವಾಗುತ್ತದೆ.

ಗಿಟ್‌ನಲ್ಲಿ ಮೂವರ ಗಣಕದಲ್ಲೂ ಕ್ರಮವಿಧಿಯ ಪೂರ್ಣ ಇತಿಹಾಸ ಇರುತ್ತದೆ. ಪ್ರತಿಯೊಬ್ಬರೂ ತಮ್ಮದೇ ಕವಲು, ಅಂದರೆ ‘ಬ್ರಾಂಚ್’ ತೆರೆದು, ಅದರಲ್ಲಿ ತಿದ್ದಿ, ತಿದ್ದುಪಡಿಯನ್ನು ದಾಖಲಿಸುತ್ತಾರೆ. ಯಾರು, ಯಾವಾಗ, ಏಕೆ ತಿದ್ದಿದರು ಎಂಬುದು ದಾಖಲೆಯಲ್ಲಿ ಉಳಿಯುತ್ತದೆ. ಇಷ್ಟಕ್ಕೆ ಅಂತರಜಾಲ ಬೇಕಿಲ್ಲ. ಮಳೆಗಾಲದಲ್ಲಿ ಸಂಪರ್ಕ ಕಡಿದರೂ ಕೆಲಸ ನಿಲ್ಲದು. ಸಂಪರ್ಕ ಮರಳಿದಾಗ ತಮ್ಮ ಕವಲನ್ನು ಎಲ್ಲರಿಗೂ ಸಾಮಾನ್ಯವಾದ ಸರ್ವರ್‌ಗೆ ಕಳಿಸಿದರಾಯಿತು. ಉಳಿದವರು ಅದನ್ನು ಇಳಿಸಿಕೊಂಡು, ಓದಿ, ಒಪ್ಪಿಗೆಯಾದರೆ ಮುಖ್ಯ ಕವಲಿಗೆ ಸೇರಿಸುತ್ತಾರೆ.

ಸೇರಿಸುವುದು ಹೇಗೆ? ಎರಡು ಕವಲುಗಳು ಬೇರೆಯಾದ ಸ್ಥಳವನ್ನು, ಅಂದರೆ ಅವುಗಳ ಗಂಗಾಮೂಲವನ್ನು, ಗಿಟ್ ಮೊದಲು ಹುಡುಕುತ್ತದೆ. ಆ ಮೂಲದೊಂದಿಗೆ ಎರಡನ್ನೂ ಹೋಲಿಸುತ್ತದೆ. ತಿದ್ದಿದ ಸಾಲುಗಳು ಪರಸ್ಪರ ದೂರದಲ್ಲಿದ್ದರೆ ಎರಡೂ ತಿದ್ದುಪಡಿಗಳನ್ನು ಉಳಿಸಿಕೊಳ್ಳುತ್ತದೆ. ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದ್ದರೆ ಅಲ್ಲಿಗೇ ನಿಂತು ಎರಡನ್ನೂ ತೋರಿಸುತ್ತದೆ. ತೀರ್ಮಾನ ನಮ್ಮದು.

ನಿಜವಾದ ಅಪಾಯ ಇರುವುದು ಗಿಟ್ ತಕರಾರು ಮಾಡದೆ ಸೇರಿಸಿದ ಕಡೆ. ತೋಟದವರು ಮಳೆಯನ್ನು ಇಂಚಿನಲ್ಲಿ ಬರೆದಿರುತ್ತಾರೆ. ಕೊಪ್ಪದ ವಿದ್ಯಾರ್ಥಿ ದತ್ತಾಂಶ ಓದುವ ಭಾಗದಲ್ಲಿ ಅದನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುತ್ತಾನೆ. ಶೃಂಗೇರಿಯವಳು ಮೊತ್ತ ಮುದ್ರಿಸುವ ಭಾಗದಲ್ಲಿ ಅದೇ ಗುಣಾಕಾರ ಸೇರಿಸುತ್ತಾಳೆ. ಸಾಲುಗಳು ಬೇರೆಯಾದ್ದರಿಂದ ಗಿಟ್ ಸುಮ್ಮನೆ ಸೇರಿಸಿಬಿಡುತ್ತದೆ. 10 ಇಂಚು ಮಳೆ 254 ಮಿಲಿಮೀಟರ್ ಆಗುವ ಬದಲು 6,451.6 ಆಗುತ್ತದೆ! ಒಬ್ಬೊಬ್ಬರ ಕವಲೂ ಸರಿ, ಕೂಡಿದ್ದು ಮಾತ್ರ ತಪ್ಪು. ಗಿಟ್ ನೋಡುವುದು ಅಕ್ಷರಗಳನ್ನು. ಅವುಗಳ ಅರ್ಥ ಅದಕ್ಕೆ ತಿಳಿಯದು. ಆದ್ದರಿಂದ ಪ್ರತಿ ಸಲ ಸೇರಿಸಿದ ಮೇಲೂ, ಉತ್ತರ ಮೊದಲೇ ಗೊತ್ತಿರುವ ಒಂದು ಲೆಕ್ಕ ಕೊಟ್ಟು ಪರೀಕ್ಷಿಸಬೇಕು.

ಗಿಟ್ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ. ಗೆಳೆಯರೊಬ್ಬರನ್ನು ಜೊತೆಗೆ ಸೇರಿಸಿಕೊಂಡು ನೀವೂ ಪ್ರಯೋಗ ಮಾಡಿ. ಮೊದಲು ಬೇಕೆಂದೇ ಒಂದೇ ಸಾಲನ್ನು ಇಬ್ಬರೂ ತಿದ್ದಿ ಕೂಡಿಸಿ, ಗಿಟ್ ಏನು ತೋರಿಸುತ್ತದೆ ಎಂಬುದನ್ನು ಗಮನಿಸಿ. ಅನಂತರ ಮೇಲಿನ ಮಳೆ ಲೆಕ್ಕವನ್ನು ಮಾಡಿ ನೋಡಿ.