ಹಳೆಯ ಕಾರಿಗೆ ಹೊಸ ಪೆಟ್ರೋಲ್ ಕೊಳವೆ

ರಾಬರ್ಟ್‌ಸನ್‌ಪೇಟೆಯ ಮನೆಯೊಂದರ ಮುಂದೆ ಐವತ್ತು ವರ್ಷ ದಾಟಿದ ಅಂಬಾಸಡರ್ ಕಾರೊಂದು ನಿಂತಿದೆಯೆಂದು ಭಾವಿಸೋಣ. ಮುಂಜಾನೆಯ ತಂಪಿನಲ್ಲಿ ಅದರ ಎಂಜಿನ್ ಒಂದೇ ಯತ್ನಕ್ಕೆ ಓಡತೊಡಗುತ್ತದೆ. ಬಂಗಾರಪೇಟೆಯ ದಾರಿ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಕ್ಕಳಿಸಿ ನಿಂತುಬಿಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಧಾರಾಳವಾಗಿದೆ. ಕಾರಿನ ಕೆಳಗೆ ಒಂದು ಹನಿಯೂ ಸೋರಿಲ್ಲ. ಕಾರಿನ ಒಡೆಯರು ಕಾರ್ಬುರೇಟರನ್ನು ಬಿಚ್ಚಿ ತೊಳೆಯುತ್ತಾರೆ, ಪ್ಲಗ್ಗುಗಳನ್ನು ಉಜ್ಜುತ್ತಾರೆ, ಫಲವಿಲ್ಲ. ನಿಜವಾದ ಅಪರಾಧಿ ಗೇಣುದ್ದದ ಒಂದು ರಬ್ಬರ್ ಕೊಳವೆ! ಸೋರದ ಕೊಳವೆ ಕಾರನ್ನು ನಿಲ್ಲಿಸುವುದು ಹೇಗೆ? ವಿಚಾರ ಮಾಡತಕ್ಕ ಪ್ರಶ್ನೆಯಿದು.

ಅಂಬಾಸಡರ್ ಕಾರಿನ ಟ್ಯಾಂಕು ಹಿಂದೆ, ಎಂಜಿನ್ ಮುಂದೆ. ಎರಡರ ನಡುವೆ ಕಾರಿನ ತಳದ ಉದ್ದಕ್ಕೂ ಉಕ್ಕಿನ ಸಣ್ಣ ಕೊಳವೆಯೊಂದು ಹಾಯ್ದುಬರುತ್ತದೆ. ಆದರೆ ಎಂಜಿನ್ ಸದಾ ಅಲುಗಾಡುವ ವಸ್ತು. ಉಕ್ಕಿನ ಕೊಳವೆಯನ್ನು ನೇರವಾಗಿ ಅದಕ್ಕೆ ಬಿಗಿದರೆ ಕೆಲವೇ ದಿನಗಳಲ್ಲಿ ಬಿರಿದೀತು. ಆದುದರಿಂದ ಕೊನೆಯ ಗೇಣನ್ನು ಬಾಗುವ ರಬ್ಬರಿಗೆ ಬಿಟ್ಟಿದ್ದಾರೆ. ಅಲ್ಲಿಂದ ಪೆಟ್ರೋಲ್ ಎಂಜಿನ್ನಿನ ಪಕ್ಕದಲ್ಲಿರುವ ಪಂಪನ್ನು ಸೇರುತ್ತದೆ. ಎಂಜಿನ್ ತಿರುಗಿದಂತೆಲ್ಲ ಒಂದು ಸನ್ನೆ ಪಂಪಿನೊಳಗಿನ ಪೊರೆಯನ್ನು ಎಳೆಯುತ್ತದೆ. ಸ್ಪ್ರಿಂಗು ಅದನ್ನು ಹಿಂದಕ್ಕೆ ದೂಡುತ್ತದೆ. ಎಳೆದಾಗ ಪೆಟ್ರೋಲ್ ಒಳಕ್ಕೆ ಬರುತ್ತದೆ, ದೂಡಿದಾಗ ಕಾರ್ಬುರೇಟರಿಗೆ ಹೋಗುತ್ತದೆ.

ಪಂಪು ಪೆಟ್ರೋಲನ್ನು ಎಳೆಯುತ್ತದೆ ಎನ್ನುವುದು ಆಡುಮಾತು. ವಾಸ್ತವವಾಗಿ ಅದು ತನ್ನೊಳಗೆ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ಟ್ಯಾಂಕಿನೊಳಗಿನ ಗಾಳಿಯ ಒತ್ತಡವೇ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಗಾಳಿಯ ಈ ಶಕ್ತಿಗೆ ಮಿತಿಯುಂಟು. ಸಮುದ್ರಮಟ್ಟದಲ್ಲಿ ಅದು ನೀರನ್ನು ಸುಮಾರು 10.3 ಮೀಟರಿಗಿಂತ ಮೇಲಕ್ಕೆ ಏರಿಸಲಾರದು. ಇದನ್ನು ಕೋಲಾರದ ಚಿನ್ನದ ಗಣಿಗಳವರು ಚೆನ್ನಾಗಿ ಬಲ್ಲವರಾಗಿದ್ದರು. 2001ರ ಫೆಬ್ರವರಿ 28ರಂದು ಮುಚ್ಚಿದ ಆ ಗಣಿಗಳ ಪೈಕಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿತ್ತು. ಅಂಥ ಆಳದ ನೀರನ್ನು ನೆಲದ ಮೇಲೆ ನಿಂತು ಹೀರುವುದು ಯಾವ ಪಂಪಿಗೂ ಸಾಧ್ಯವಿಲ್ಲ. ಪಂಪನ್ನು ಕೆಳಗಿಟ್ಟು, ಹಂತಹಂತವಾಗಿ ಮೇಲಕ್ಕೆ ತಳ್ಳಬೇಕು. ಇಂದಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಕುಳಿತು ಪೆಟ್ರೋಲನ್ನು ತಳ್ಳುತ್ತದೆ. ಹಳೆಯ ಕಾರಿನಲ್ಲಿ ಅದು ದೂರದಿಂದ ಹೀರುತ್ತದೆ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಪಂಪಿಗೆ ಮುಂಚಿನ ಕೊಳವೆಯ ಒಳಗೆ ಒತ್ತಡ ಕಡಿಮೆ, ಹೊರಗೆ ಹೆಚ್ಚು. ಅಲ್ಲೊಂದು ಬಿರುಕಿದ್ದರೆ ಎಂಜಿನ್ ಓಡುತ್ತಿರುವಾಗ ಪೆಟ್ರೋಲ್ ಹೊರಕ್ಕೆ ಬರುವ ಬದಲು ಗಾಳಿಯೇ ಒಳಕ್ಕೆ ನುಗ್ಗುತ್ತದೆ. ಪಂಪು ಗಾಳಿಯನ್ನು ಹೀರುತ್ತ ಎಂಜಿನ್ನನ್ನು ಉಪವಾಸ ಕೆಡವುತ್ತದೆ. ಬಿರುಕು ಪಂಪಿನಿಂದ ಮುಂದಕ್ಕೆ, ಕಾರ್ಬುರೇಟರಿನ ಕಡೆಗಿದ್ದರೆ ಸ್ಥಿತಿ ತಿರುವುಮುರುವು: ಪೆಟ್ರೋಲ್ ಚಿಮ್ಮಿ ಕಾದ ಎಂಜಿನ್ನಿನ ಮೇಲೆ ಬೀಳುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ತಗ್ಗಿನಲ್ಲಿ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಸೇರಿದರೂ ಒಂದು ಕಿಡಿ ಸಾಕು. ಮೊದಲನೆಯ ಬಿರುಕು ದಾರಿಯಲ್ಲಿ ನಿಲ್ಲಿಸುತ್ತದೆ. ಎರಡನೆಯದು ಕಾರನ್ನೇ ಸುಡಬಲ್ಲುದು.

ಇನ್ನು ರಬ್ಬರು ಕೆಡುವುದೇಕೆ? ನೈಸರ್ಗಿಕ ರಬ್ಬರು ಇಂಗಾಲ ಹಾಗೂ ಜಲಜನಕಗಳಿಂದಾದುದು, ಪೆಟ್ರೋಲೂ ಹಾಗೆಯೆ. ಒಂದೇ ಗುಣದ ವಸ್ತುಗಳು ಒಂದರೊಳಗೊಂದು ಸುಲಭವಾಗಿ ಬೆರೆಯುವುದರಿಂದ, ಈ ರಬ್ಬರು ಪೆಟ್ರೋಲನ್ನು ಕುಡಿದು ಉಬ್ಬುತ್ತದೆ. ಆದುದರಿಂದ ಪೆಟ್ರೋಲ್ ಕೊಳವೆಗಳಿಗೆ ನೈಟ್ರೈಲ್ ಎಂಬ ಕೃತಕ ರಬ್ಬರನ್ನು ಬಳಸತೊಡಗಿದರು. ಇದರ ಅಣುಗಳ ಗುಣ ಬೇರೆಯಾದ್ದರಿಂದ ಪೆಟ್ರೋಲ್ ಇದಕ್ಕೆ ಸುಲಭವಾಗಿ ಅಂಟುವುದಿಲ್ಲ. ಆದರೂ ಕಾಲ ಕಳೆದಂತೆ ಅದನ್ನು ಮೃದುವಾಗಿಟ್ಟ ತೈಲಾಂಶಗಳು ಹೊರಟುಹೋಗುತ್ತವೆ. ಕಾರು ತಿಂಗಳುಗಟ್ಟಲೆ ನಿಂತು ಕೊಳವೆ ಒಣಗಿದರೆ ಅದು ಪೆಡಸಾಗಿ ಸೀಳುತ್ತದೆ.

ಈಗ ಇನ್ನೊಂದು ಸಂಗತಿ ಸೇರಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರಲ್ಲಿ ದೇಶದ ಮಿಶ್ರಣ ಆ ಪ್ರಮಾಣವನ್ನು ಮುಟ್ಟಿತು. ಅಂಬಾಸಡರ್ ಕಾರನ್ನು ರೂಪಿಸಿದವರು ಇಂಥ ಇಂಧನವನ್ನು ಎಣಿಸಿರಲಿಲ್ಲ. ಪೆಟ್ರೋಲನ್ನು ದೂರವಿಟ್ಟ ಹಳೆಯ ರಬ್ಬರು ಎಥನಾಲಿಗೆ ದಾರಿ ಬಿಡುತ್ತದೆ. ಅಲ್ಲದೆ ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಉಕ್ಕಿನ ಟ್ಯಾಂಕು ತುಕ್ಕು ಹಿಡಿಯುತ್ತದೆ. ಟ್ಯಾಂಕಿನ ತಳದಲ್ಲಿ ಕೂತಿದ್ದ ಹಳೆಯ ಜಿಡ್ಡನ್ನೂ ಅದು ಕರಗಿಸಿ ಮುಂದಕ್ಕೆ ಕಳಿಸುತ್ತದೆ. ಆದುದರಿಂದ ಇಂದು ಹೊಸ ಕೊಳವೆ ಹಾಕುವುದೆಂದರೆ ಹಳೆಯದರ ತದ್ರೂಪನ್ನು ಹುಡುಕುವುದಲ್ಲ. ಒಳಪದರದಲ್ಲಿ ಫ್ಲೋರಿನ್ ಸೇರಿದ ರಬ್ಬರಿರುವ ಕೊಳವೆ ಬೇಕು. ‘ಎಸ್‌ಎಇ ಜೆ30 ಆರ್9’ ಎಂಬ ಮುದ್ರೆ ಅದರ ಗುರುತು. ಪಂಪಿನ ಪೊರೆಯೂ ಹಳೆಯ ರಬ್ಬರೇ ಆದ್ದರಿಂದ ಅದನ್ನೂ ಪರೀಕ್ಷಿಸಬೇಕು.

ಕೆಲಸಕ್ಕೆ ತೊಡಗುವ ಮುನ್ನ ಎಂಜಿನ್ ಪೂರ್ತಿ ಆರಲಿ. ಕಾರು ಬಯಲಿನಲ್ಲಿರಲಿ, ಬ್ಯಾಟರಿಯ ತಂತಿಯನ್ನು ಬಿಚ್ಚಿರಿ, ಹತ್ತಿರದಲ್ಲಿ ಬೆಂಕಿ ಆರಿಸುವ ಸಾಧನವಿರಲಿ. ಕೊಳವೆಯಿಂದ ಪೆಟ್ರೋಲನ್ನು ಬಾಯಲ್ಲಿ ಹೀರುವ ದುರಭ್ಯಾಸ ಬೇಡ. ಶ್ವಾಸಕೋಶಕ್ಕೆ ಒಂದು ಗುಟುಕು ಇಳಿದರೂ ಪ್ರಾಣಾಪಾಯ. ಹೊಸ ಕೊಳವೆಯನ್ನು ಹರಿತವಾದ ಚಾಕುವಿನಿಂದ ನೇರವಾಗಿ ಕತ್ತರಿಸಬೇಕು. ಕ್ಲಿಪ್ಪನ್ನು ರಬ್ಬರು ಸೀಳದಷ್ಟು ಬಿಗಿಯಬೇಕು. ಉಕ್ಕಿನ ಕೊಳವೆಯ ಹೊರಮೈ ತುಕ್ಕು ತಿಂದು ಹಳ್ಳಬಿದ್ದಿದ್ದರೆ ಅದನ್ನೂ ಬದಲಿಸುವುದು ಲೇಸು. ಸುಲಭವಾಗಿ ಬಾಗುತ್ತದೆಂದು ತಾಮ್ರವನ್ನು ಹಾಕುವವರುಂಟು. ಆದರೆ ಕಂಪನದಿಂದ ತಾಮ್ರ ಪೆಡಸಾಗಿ ಬಿರಿಯುತ್ತದೆ.

ಕೊಳವೆ ಹೊಗೆಯ ಕೊಳವೆಯ ಬಳಿ ಹಾಯಬಾರದು. ಗಣಿಪ್ರದೇಶ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಇಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಒತ್ತಡ ತಗ್ಗಿದಷ್ಟೂ ದ್ರವ ಬೇಗ ಕುದಿಯುತ್ತದೆ. ಬಿಸಿಲಿನ ದಿನ, ಹೀರುವ ಕೊಳವೆ, ಕಾದ ಲೋಹ ಇವು ಮೂರೂ ಕೂಡಿದರೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಪಂಪಿಗೆ ಅಡ್ಡ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಪಂಪಿಗೆ ಮುಂಚೆ ಪಾರದರ್ಶಕ ಫಿಲ್ಟರನ್ನು ಜೋಡಿಸಿ ಎಂಜಿನ್ ಓಡಿಸಿ ನೋಡಬಹುದು. ಅದರಲ್ಲಿ ಗುಳ್ಳೆಗಳ ಸಾಲು ನಿಲ್ಲದೆ ಬರುತ್ತಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ.

2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ಮೀರಿ, ಚಾಸಿ, ಮೈಕಟ್ಟು ಹಾಗೂ ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಮೂಲರೂಪದಲ್ಲಿರುವ ಸ್ವಂತ ಬಳಕೆಯ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೂಲರೂಪದ ಮೇಲಿನ ಮಮತೆ ಮೆಚ್ಚತಕ್ಕುದೇ. ಆದರೆ ಆ ಮಮತೆಯಿಂದ ಹಳೆಯ ರಬ್ಬರನ್ನೂ ಉಳಿಸಿಕೊಂಡರೆ ಉಳಿಯಬೇಕಾದ ಕಾರೇ ಬೂದಿಯಾದೀತು. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ಕಾರಿದ್ದರೆ, ಎಂಜಿನ್ ಆರಿರುವಾಗ ಮುಚ್ಚಳವನ್ನೆತ್ತಿ ಆ ಗೇಣುದ್ದದ ಕೊಳವೆಯನ್ನು ಮೆಲ್ಲನೆ ಬಾಗಿಸಿ ನೋಡಿರಿ. ಬಿರುಕುಗಳು ಕಂಡವೋ, ಅಂದೇ ಅದನ್ನು ಬದಲಾಯಿಸತಕ್ಕದ್ದು.